ಚಿಕ್ಕೋಡಿಯ ಕ್ಯಾಬಿನ್, ಲಂಬ್ರಿಜ್‌ನ ದನದ ಹೊಲ

2019ರ ಆಗಸ್ಟ್‌ನಲ್ಲಿ ಕೃಷ್ಣೆಯ ನೆರೆ ಚಿಕ್ಕೋಡಿ ಕಡೆಯ ಊರೊಂದರೊಳಗೆ ಬಂದಾಗ ಮನೆಮಂದಿ ಕೈಗೆ ಸಿಕ್ಕಷ್ಟು ಸಾಮಾನನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ರಾಯಬಾಗದ ಅಕ್ಕನ ಮನೆ ಸೇರಿದ್ದರು. ನೀರಿಳಿದ ಮೇಲೆ ಹಾಸಿಗೆ, ಭಾಂಡೆ ಎಲ್ಲ ವಾಪಸ್ ಹೋದವು. ಒಂದು ತಗಡಿನ ಟ್ರಂಕು ಮಾತ್ರ ಅಕ್ಕನ ಮನೆಯ ಅಟ್ಟದ ಮೇಲೇ ಉಳಿಯಿತು. ಮೊನ್ನೆ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಎಂಟನೇ ಇಯತ್ತೆಯ ಅಳಿಯ ಅದನ್ನು ಕೆಳಗಿಳಿಸಿದ. ಒಳಗೆ ಮಾರ್ಕ್ಸ್ ಕಾರ್ಡು, ಎರಡು ಹಳೆಯ ಸ್ವೆಟರು, ತಳದಲ್ಲಿ ರಟ್ಟು ಹರಿದ ಒಂದು ವಹಿ. ಮೊದಲ ಪುಟಗಳಲ್ಲಿ ಪಿಯುಸಿ ಫಿಜಿಕ್ಸ್. ಅದಾದ ಮೇಲೆ ಪುಟಗಟ್ಟಲೆ ದರಪಟ್ಟಿ: ದನದ ಚರ್ಮ 100, ಕಬ್ಬಿಣದ ಅದಿರು 100, ಕಲ್ಲಿದ್ದಲು 150, ಲಾಬ್‌ಸ್ಟರ್ 250.

"ಮಾಮಾ, ನೀ ಚರ್ಮದ ವ್ಯಾಪಾರ ಮಾಡ್ತಿದ್ದೇನು?" ಅಂದ ಹುಡುಗ.

ಮಾಡುತ್ತಿದ್ದ. 2005ರಿಂದ 2008ರವರೆಗೆ, ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹತ್ತಿರದ ಮಾಳಿಗೆಯೊಂದರ ಮೇಲಿದ್ದ ನೆಟ್ ಕೆಫೆಯ ಪ್ಲೈವುಡ್ ಕ್ಯಾಬಿನ್‌ನಲ್ಲಿ ಕೂತು, ರೂನ್‌ಸ್ಕೇಪ್ ಎಂಬ ಆಟದೊಳಗೆ. ಈಗ ಪುಣೆಯಲ್ಲಿ ನೌಕರಿ ಮಾಡುವ, ಮೂವತ್ತೈದರ ಆಸುಪಾಸಿನ ಆ ಮಾಮನಿಗೆ ವಹಿಯ ಒಂದೊಂದು ಸಾಲು ಓದಿದಾಗಲೂ ಆ ಸರಕು ಎಲ್ಲಿ ಸಿಗುತ್ತಿತ್ತು, ಯಾವ ದಾರಿಯಲ್ಲಿ ನಡೆದು ಯಾವ ಬ್ಯಾಂಕಿಗೆ ಒಯ್ಯಬೇಕಿತ್ತು ಎಂಬುದೆಲ್ಲ ತಪ್ಪದೆ ನೆನಪಾಯಿತು. ಅದೇ ವಹಿಯ ಫಿಜಿಕ್ಸ್ ಒಂದಕ್ಷರವೂ ನೆನಪಾಗಲಿಲ್ಲ.

ರೂನ್‌ಸ್ಕೇಪ್ ಶುರುವಾದದ್ದು 2001ರ ಜನವರಿ 4ರಂದು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಆಂಡ್ರ್ಯೂ ಗೋವರ್ ಎಂಬ ಇಂಗ್ಲೆಂಡಿನ ಯುವಕ ತನ್ನ ಅಣ್ಣತಮ್ಮಂದಿರ ನೆರವಿನಿಂದ ಕಟ್ಟಿದ ಆಟ ಅದು. ಅನೇಕ ಜನ ಒಂದೇ ಲೋಕದೊಳಗೆ ಕೂಡಿ ಆಡುವ ಆಟಗಳು ಅದಕ್ಕೂ ಮುಂಚೆಯೇ ಇದ್ದವು. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟ್ಲ್ ಬರೀ ಅಕ್ಷರಗಳಲ್ಲೇ ಆಡುವ 'ಮಡ್' ಬರೆದರು. 1997ರಲ್ಲಿ ಅಲ್ಟಿಮಾ ಆನ್‌ಲೈನ್, 1999ರಲ್ಲಿ ಎವರ್‌ಕ್ವೆಸ್ಟ್ ಬಂದವು. ಈ ಎರಡಕ್ಕೂ ಆಗ ಪ್ರತಿ ತಿಂಗಳು ಡಾಲರಿನಲ್ಲಿ ದುಡ್ಡು ಕಟ್ಟಬೇಕಿತ್ತು, ಸಿಡಿ ಬೇಕಿತ್ತು, ತಕ್ಕ ಕಂಪ್ಯೂಟರೂ ಬೇಕಿತ್ತು. ಭಾರತದಲ್ಲಿ ಲೆವೆಲ್ ಅಪ್ ಎಂಬ ಸಂಸ್ಥೆ ಕೊರಿಯಾದ ರಾಗ್ನರಾಕ್ ಆನ್‌ಲೈನ್ ಅನ್ನು, ಸಿಫಿ ಸಂಸ್ಥೆ ಎ3 ಅನ್ನು ತಂದಿದ್ದವು. ಅವು ದೊಡ್ಡ ಶಹರಗಳ ಕೆಫೆಗಳಲ್ಲಿ ಸುದ್ದಿಯಾದವು, ಚಿಕ್ಕೋಡಿಯ ಕ್ಯಾಬಿನ್‌ವರೆಗೆ ಬರಲಿಲ್ಲ. ರೂನ್‌ಸ್ಕೇಪ್‌ಗೆ ಬ್ರೌಸರ್ ಒಂದಿದ್ದರೆ ಸಾಕಿತ್ತು. ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡುವ ಕಿಟಕಿಯಲ್ಲೇ ಅದೂ ತೆರೆದುಕೊಳ್ಳುತ್ತಿತ್ತು. ಹಣ ಕಟ್ಟಿದವರಿಗೆ ಬೇರೆ ಸರ್ವರು, ಕಟ್ಟದವರಿಗೆ ಬೇರೆ ಸರ್ವರು. ಕ್ರೆಡಿಟ್ ಕಾರ್ಡನ್ನು ಕಣ್ಣಿಂದಲೂ ನೋಡದ ಮನೆಗಳ ಹುಡುಗರು ಪುಕ್ಕಟೆಯ ಸರ್ವರಿನಲ್ಲೇ ಬೆಳೆದರು.

ಕೆಫೆಯಲ್ಲಿ ಏಳೆಂಟು ಕಂಪ್ಯೂಟರು. ತಾಸಿಗೆ 20 ರೂಪಾಯಿ ಇದ್ದದ್ದು ಮುಂದೆ 15ಕ್ಕೆ ಇಳಿಯಿತು. ಬಾಗಿಲ ಹತ್ತಿರದ ರಿಜಿಸ್ಟರಿನಲ್ಲಿ ಹೆಸರು, ಊರು, ಕೂತ ಹೊತ್ತು ಬರೆದು ಸಹಿ ಹಾಕಿದ ಮೇಲೇ ಮೌಸು ಮುಟ್ಟುವ ಹಕ್ಕು. ನಡುವಯಸ್ಸಿನ ಮಾಲೀಕರನ್ನು ಹುಡುಗರೆಲ್ಲ ಅಣ್ಣಾ ಅಂತಿದ್ದರು. ಅವರ ನಿಜವಾದ ಗಿರಾಕಿಗಳೆಂದರೆ ಅರ್ಜಿ ಪ್ರಿಂಟ್ ತೆಗೆಸುವವರು, ಸಿಇಟಿ ಸೀಟು ನೋಡುವವರು, ಗಲ್ಫಿನಲ್ಲಿದ್ದ ಮಗನ ಜೊತೆ ಮಾತಾಡಲು ಬರುವ ಮುದುಕರು. ಆಟದ ಹುಡುಗರು ಬಂದರೆ ಮೂಲೆಯ ಎರಡು ಕಂಪ್ಯೂಟರು ತೋರಿಸುತ್ತಿದ್ದರು. ಅವುಗಳ ಸ್ಪೀಕರ್ ಕಿತ್ತು ಇಟ್ಟಿದ್ದರಿಂದ ರೂನ್‌ಸ್ಕೇಪ್‌ಗೆ ಸಂಗೀತವಿದೆ ಎಂಬುದೇ ಅವನಿಗೆ ಬಹಳ ವರ್ಷಗಳ ಕಾಲ ಗೊತ್ತಿರಲಿಲ್ಲ.

ಈಗಿನ ಆಟ ಶುರುವಾದ ಒಂದು ನಿಮಿಷಕ್ಕೆ ಕೈಗೆ ಬಂದೂಕು ಕೊಡುತ್ತದೆ. ರೂನ್‌ಸ್ಕೇಪ್ ಮೊದಲು ಅಡಿಗೆ ಕಲಿಸಿತು. ಲಂಬ್ರಿಜ್ ಎಂಬ ಊರಿನ ಕೋಟೆಯಲ್ಲೊಬ್ಬ ಅಡಿಗೆಯವನು. ದೊರೆಯ ಹುಟ್ಟುಹಬ್ಬಕ್ಕೆ ಕೇಕ್ ಮಾಡಬೇಕು, ತತ್ತಿ ಇಲ್ಲ, ಹಾಲಿಲ್ಲ, ಹಿಟ್ಟಿಲ್ಲ ಅಂತ ಗೋಳಾಡುತ್ತಾನೆ. ಹೊಸದಾಗಿ ಬಂದವನು ಕೋಳಿಗೂಡಿಗೆ ಹೋಗಿ ತತ್ತಿ ತರಬೇಕು. ಬಕೆಟ್ ಹಿಡಿದು ಆಕಳು ಹಿಂಡಬೇಕು. ಹೊಲದಲ್ಲಿ ಗೋಧಿ ಕಿತ್ತು, ಗಾಳಿಗಿರಣಿಯ ಮೇಲಂತಸ್ತಿಗೆ ಹತ್ತಿ ಸುರಿದು, ಸನ್ನೆ ಎಳೆದು, ಕೆಳಗಿಳಿದು ಬಂದು ಹಿಟ್ಟನ್ನು ಗಡಿಗೆಗೆ ತುಂಬಿಕೊಳ್ಳಬೇಕು. ನಸುಕಿನಲ್ಲಿ ಮನೆಯ ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ, ಅಂಕಲಿ ರಸ್ತೆಯಲ್ಲಿ ಬಸ್ಸು ಹಿಡಿದು ಚಿಕ್ಕೋಡಿಗೆ ಬಂದ ಹುಡುಗನಿಗೆ ಆ ಆಟ ಕೊಟ್ಟ ಮೊದಲ ಕೆಲಸವೂ ಹಾಲು ಹಿಂಡುವುದೇ. ಅದರಲ್ಲಿ ಅವನಿಗೆ ಏನೂ ವಿಚಿತ್ರ ಅನ್ನಿಸಲಿಲ್ಲ. ಆ ಲೋಕ ಅವನಿಗೆ ಅಷ್ಟು ಬೇಗ ಒಗ್ಗಿದ್ದು ಅದಕ್ಕೇ. ಡ್ರ್ಯಾಗನ್ನು, ಮಂತ್ರವಾದಿ ಎಲ್ಲ ಇದ್ದರೂ ಅದರ ಬುಡದಲ್ಲಿದ್ದದ್ದು ಕುಲುಮೆ, ಗಿರಣಿ, ಗಣಿ, ಮೀನಿನ ಬುಟ್ಟಿ.

ಲಂಬ್ರಿಜ್‌ನ ಮಗ್ಗುಲಿಗೆ ಬೇಲಿ ಹಾಕಿದ ದನದ ಹೊಲ. ಹಣವಿಲ್ಲದವರೆಲ್ಲ ಅಲ್ಲೇ. ದನ ಕೊಂದು, ಚರ್ಮ ಹೆಕ್ಕಿ, ಹತ್ತು ನಾಣ್ಯ ಸುಂಕ ಕೊಟ್ಟು ಗೇಟು ದಾಟಿ ಅಲ್ ಖರೀದ್ ಎಂಬ ಮರಳುಗಾಡಿನ ಊರಿಗೆ ಒಯ್ದರೆ ಅಲ್ಲೊಬ್ಬ ಚರ್ಮ ಹದ ಮಾಡುವವನು. ಮೆತ್ತನೆಯ ಚರ್ಮಕ್ಕೆ ಒಂದು ನಾಣ್ಯ, ಗಟ್ಟಿ ಚರ್ಮಕ್ಕೆ ಮೂರು. ಚೀಲದಲ್ಲಿ ಹಿಡಿಸುವುದು 28 ಸಾಮಾನು, ಅಷ್ಟೇ. ತುಂಬಿತೆಂದರೆ ಮತ್ತೆ ನಡಿಗೆ.

ಕಾಲೇಜಿನ ಇಬ್ಬರು ಗೆಳೆಯರನ್ನು ಅವನೇ ಈ ಲೋಕಕ್ಕೆ ಕರೆತಂದಿದ್ದ. ಒಬ್ಬ ಅಥಣಿ ಕಡೆಯವನು, ಮನೆಯಲ್ಲಿ ತಲೆಮಾರುಗಳಿಂದ ಚಪ್ಪಲಿಯ ಕೆಲಸ. ಚರ್ಮಕ್ಕೊಂದು ನಾಣ್ಯದಂತೆ ಕೊಟ್ಟ ಕೂಡಲೇ ಚೀಲದಲ್ಲಿದ್ದ ಚರ್ಮವೆಲ್ಲ ಹದವಾಗಿ ಕೈಗೆ ಬಂದದ್ದು ನೋಡಿ ಅವನು ಮೌಸು ಬಿಟ್ಟು ಹಿಂದಕ್ಕೆ ಒರಗಿ ಕೂತ. "ನಮ್ಮಪ್ಪಗ ಇದನ್ನ ತೋರಸಬೇಕಲೇ" ಅಂದ. ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ಚರ್ಮ ವಾರಗಟ್ಟಲೆ ನೆನೆಯಬೇಕು, ಆ ವಾಸನೆ ಮೈಗೆ ಹತ್ತಿದರೆ ಹೋಗುವುದಿಲ್ಲ, ಅದಕ್ಕೆಂದೇ ಶಾಲೆಯಲ್ಲಿ ತನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ ಅಂತ ಅವತ್ತು ಮೊದಲ ಸಲ ಹೇಳಿದ. ಜೊತೆಗೆ ಓದುತ್ತ ವರ್ಷ ಕಳೆದಿದ್ದರೂ ಆ ಮಾತು ಬಂದಿರಲಿಲ್ಲ. ಆಟದಲ್ಲಿ ಚರ್ಮ ಹೊತ್ತು ಹೋಗುವವನನ್ನು ಯಾರೂ ದೂರ ಸರಿಸುವುದಿಲ್ಲ. ಬದಲಿಗೆ ಬೆನ್ನು ಹತ್ತಿ ಬಂದು ದರ ಕೇಳುತ್ತಾರೆ. ಅವನು ಆ ಲೋಕದಲ್ಲಿ ಒಂದು ಜೋಡು ಬೂಟೂ ಹೊಲಿದ. ಅಥಣಿ ಸುತ್ತಿನ ಊರುಗಳಲ್ಲಿ ಮಾಡುವ ಕೊಲ್ಹಾಪುರಿ ಚಪ್ಪಲಿಗೆ ಮುಂದೆ ಮಹಾರಾಷ್ಟ್ರದ ಜೊತೆ ಕರ್ನಾಟಕದ ಜಿಲ್ಲೆಗಳನ್ನೂ ಸೇರಿಸಿ ಜಿಐ ಮಾನ್ಯತೆ ಸಿಕ್ಕಿತು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿಯ ಮಿಲಾನ್ ಪ್ರದರ್ಶನದಲ್ಲಿ ಅದೇ ನಮೂನೆಯ ಚಪ್ಪಲಿ ಕಂಡು ದೊಡ್ಡ ಗದ್ದಲವೂ ಆಯಿತು. ಆ ಸುದ್ದಿ ಬಂದ ದಿನ ಇಬ್ಬರೂ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು.

ಇನ್ನೊಬ್ಬ ಗೆಳೆಯ ಶೇಡಬಾಳದವನು. ಜೈನರ ಮನೆಯ ಹುಡುಗ, ಕತ್ತಲಾದ ಮೇಲೆ ಊಟ ಮಾಡದವನು. ದನದ ಹೊಲದ ಬೇಲಿ ದಾಟಿ ಒಳಗೆ ಹೋಗಲು ಅವನು ಒಪ್ಪಲೇ ಇಲ್ಲ. "ಖರೇ ದನಾ ಅಲ್ಲೋ" ಅಂದರೂ ಬೇಡವೆಂದ. ಯಾವ ಜೀವವನ್ನೂ ಕೊಲ್ಲದೆ ಈ ಆಟ ಆಡಲು ಬರುತ್ತದೇನು ಎಂಬುದು ಅವನ ಪ್ರಶ್ನೆ.

ಬರುತ್ತಿತ್ತು. ಇಷ್ಟು ವರ್ಷದ ಮೇಲೆ ತೂಗಿ ನೋಡಿದಾಗ ರೂನ್‌ಸ್ಕೇಪ್‌ನ ದೊಡ್ಡ ಗುಣ ಇದೇ ಎಂದು ಮಾಮನಿಗೆ ಅನ್ನಿಸುತ್ತದೆ. ಅಲ್ಲಿ ಹೊಡೆದಾಟ ಹತ್ತಾರು ಕಸುಬುಗಳಲ್ಲಿ ಒಂದು, ಅಷ್ಟೇ. ಕಲ್ಲು ಒಡೆಯುವುದು, ಮರ ಕಡಿಯುವುದು, ಕಬ್ಬಿಣ ಕಾಯಿಸುವುದು, ಬೆಂಕಿ ಹೊತ್ತಿಸುವುದು, ಹೊಲಿಯುವುದು, ಬೇಯಿಸುವುದು, ಒಂದೊಂದಕ್ಕೂ ಬೇರೆ ಬೇರೆ ಲೆವೆಲ್. ಯಾರನ್ನೂ ಹೊಡೆಯದವನ ಹೊಡೆದಾಟದ ಲೆವೆಲ್ ಹುಟ್ಟಿದಾಗ ಇದ್ದ 3ರಲ್ಲೇ ನಿಲ್ಲುತ್ತದೆ, ಉಳಿದ ಕಸುಬುಗಳಲ್ಲಿ ಅವನು ಎಷ್ಟು ಎತ್ತರಕ್ಕಾದರೂ ಹೋಗಬಹುದು. ಶೇಡಬಾಳದ ಹುಡುಗ ಬಾರ್ಬೇರಿಯನ್ ವಿಲೇಜ್‌ನ ಗಣಿಯಲ್ಲಿ ಕಲ್ಲಿದ್ದಲು ಅಗೆದ, ವ್ಯಾರಕ್ ಅರಮನೆಯ ಹಿಂದೆ ಯೂ ಮರ ಕಡಿದ. ಮೂವರಲ್ಲಿ ಮೊದಲು ಶ್ರೀಮಂತನಾದವನು ಅವನೇ. ಪ್ರಪಂಚದಲ್ಲಿ ಹೀಗೆ 3ರಲ್ಲೇ ಉಳಿದು ಆಡುವ ದೊಡ್ಡ ಪಂಗಡವೇ ಇದೆ ಎಂಬುದು ಆಮೇಲೆ ಗೊತ್ತಾಯಿತು. ಅವನು ಯಾರನ್ನೂ ನೋಡಿ ಕಲಿತಿರಲಿಲ್ಲ, ಮನೆಯ ನೇಮವನ್ನೇ ಆಟದೊಳಗೂ ಪಾಲಿಸಿದ್ದ.

ಅಗೆದ ಕಲ್ಲಿದ್ದಲನ್ನು ಮಾರುವುದೇ ಒಂದು ವಿದ್ಯೆ. 2007ರ ನವೆಂಬರ್‌ವರೆಗೆ ಆಟದೊಳಗೆ ಕಾಯಂ ದರ ಎಂಬುದಿರಲಿಲ್ಲ. ಒಂದು ಸರ್ವರಿನಲ್ಲಿ ಎರಡು ಸಾವಿರ ಜನರವರೆಗೆ ಹಿಡಿಸುತ್ತಿತ್ತು. ಮಾರುವವರೂ ಕೊಳ್ಳುವವರೂ ವ್ಯಾರಕ್ ಊರಿನ ಪಶ್ಚಿಮದ ಬ್ಯಾಂಕಿನ ಮುಂದೆ ಕಿಕ್ಕಿರಿದು ನಿಲ್ಲುತ್ತಿದ್ದರು. ಪ್ರತಿಯೊಬ್ಬನ ತಲೆಯ ಮೇಲೂ ಹಳದಿ ಅಕ್ಷರದಲ್ಲಿ ಅವನ ಕೂಗು ತೇಲುತ್ತಿತ್ತು. ಇಲ್ಲಿ 150ಕ್ಕೆ ಹೋದದ್ದು ಇನ್ನೊಂದು ಸರ್ವರಿನಲ್ಲಿ 180ಕ್ಕೂ ಹೋದೀತು. ಜಾತ್ರೆಯ ದನದ ಪೇಟೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ನಡೆಯುವ ಚೌಕಾಸಿಯ ಹಾಗೆ, ಪಕ್ಕದವನು ಎಷ್ಟಕ್ಕೆ ಮಾರಿದ ಎಂಬುದು ಕೊನೆಯವರೆಗೂ ಗುಟ್ಟು. ಅದಕ್ಕೇ ಆ ವಹಿ. ಅವನು ದಿನಾ ಕಂಡ ದರ ಬರೆದುಕೊಳ್ಳುತ್ತಿದ್ದ, ಶೇಡಬಾಳದವನು ಮಿರಜ್‌ಗೆ ರೈಲಿನಲ್ಲಿ ಹೋದಾಗ ಅಲ್ಲಿನ ಕೆಫೆಯಲ್ಲಿ ಕೂತು ನೋಡಿದ ದರ ತಂದು ಸೇರಿಸುತ್ತಿದ್ದ.

ಮೋಸವೂ ಅಲ್ಲೇ ಆಯಿತು. ಸಾವಿರ ಕಲ್ಲಿದ್ದಲಿಗೆ ಒಂದೂವರೆ ಲಕ್ಷ ನಾಣ್ಯ ಕೊಡುತ್ತೇನೆಂದವನು ಕೊಡುಕೊಳ್ಳುವ ಕಿಟಕಿಯಲ್ಲಿ ಪೂರಾ ಹಣ ಇಟ್ಟು ತೋರಿಸಿದ. ಏನೋ ತಪ್ಪಾಯಿತೆಂದು ಹಿಂದಕ್ಕೆ ತೆಗೆದ, ಮತ್ತೆ ಇಟ್ಟ. ಎರಡನೇ ಸಲ ಒಂದು ಸೊನ್ನೆ ಕಡಿಮೆ. ಶೇಡಬಾಳದವನು ಒಪ್ಪಿಗೆ ಒತ್ತಿಬಿಟ್ಟಿದ್ದ. ಒಂದು ತಿಂಗಳ ಸಂಜೆಗಳೆಲ್ಲ ಹೋದವು. ಅವತ್ತು ಹುಡುಗ ಅತ್ತ. ಅಣ್ಣಾ ಗಿರಾಕಿಗಳನ್ನು ಬಿಟ್ಟು ಎದ್ದು ಬಂದು ನೋಡಿ, ಅರ್ಧ ತಾಸಿನ ದುಡ್ಡು ತೊಗೊಳ್ಳಲಿಲ್ಲ.

ಬೆಲೆ ಗೊತ್ತಿಲ್ಲದೆ ಮಾಲು ಕೊಡುವ ಸಂಕಟ ಈ ಭಾಗಕ್ಕೆ ಹೊಸದಲ್ಲ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ದರ ಕೇಳಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕೂತಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ಪೊಲೀಸರ ಗೋಲಿಬಾರಿನಲ್ಲಿ ರೈತರು ಸತ್ತರು. ಮಾಮನ ಅಜ್ಜ ಆ ರಸ್ತೆಯಲ್ಲಿ ಕೂತವರಲ್ಲೊಬ್ಬ. ವ್ಯಾರಕ್ ಬ್ಯಾಂಕಿನ ಸಂಗತಿಯನ್ನು ಮೊಮ್ಮಗ ವಿವರಿಸಿದಾಗ ಅಜ್ಜ ಕೇಳಿದ್ದು ಒಂದೇ ಮಾತು: "ದರಾ ಯಾರ ಹೇಳ್ತಾರು, ಕೊಳ್ಳಾವೋ ಮಾರಾವೋ?"

ಈಗ ಆ ಆಟದ ನಿಧಾನದ ಬಗ್ಗೆ. ರೂನ್‌ಸ್ಕೇಪ್‌ನ ಸರ್ವರು 0.6 ಸೆಕೆಂಡಿಗೊಮ್ಮೆ ಮಾತ್ರ ಲೋಕವನ್ನು ಮುಂದಕ್ಕೆ ನಡೆಸುತ್ತದೆ. ಆ ನಡುವೆ ಯಾರು ಎಷ್ಟು ಚುರುಕಾಗಿ ಒತ್ತಿದರೂ ಅಷ್ಟೇ. ಬರ್ಮಿಂಗ್‌ಹ್ಯಾಮಿನ ಹುಡುಗನ ಒತ್ತು ಮಿಂಚಿನಂತೆ ಹೋಗಲಿ, ಚಿಕ್ಕೋಡಿಯ ಹುಡುಗನದ್ದು ಕಡಲ ತಳದ ಕೇಬಲ್ಲಿನಲ್ಲಿ ತಡವರಿಸಿ ಹೋಗಲಿ, ಬಹಳ ಸಲ ಎರಡೂ ಒಂದೇ ಗಳಿಗೆಗೆ ಲೆಕ್ಕವಾಗುತ್ತಿದ್ದವು. ಬಿಎಸ್ಸೆನ್ನೆಲ್ ಡೇಟಾವನ್ ಬ್ರಾಡ್‌ಬ್ಯಾಂಡ್ ದೇಶದಲ್ಲಿ ಶುರುವಾದದ್ದೇ 2005ರಲ್ಲಿ. ಅಂಥ ನೆಟ್‌ನಲ್ಲಿ ಬಂದೂಕಿನ ಆಟ ಆಡಿದ್ದರೆ ಎದುರಾಳಿಯನ್ನು ಕಾಣುವ ಮೊದಲೇ ಸಾಯುತ್ತಿದ್ದರು. ಇಲ್ಲಿ ಬಡ ನೆಟ್ಟಿನವನಿಗೂ ಸರಿಸಮದ ಜಾಗವಿತ್ತು. ಯಾರೂ ಇದನ್ನು ದಯೆಯಿಂದ ಮಾಡಿದ್ದಲ್ಲ, 2001ರ ಮೋಡೆಮ್‌ಗಳಿಗೆ ಒಗ್ಗುವಂತೆ ಕಟ್ಟಿದ್ದು. ಆದರೂ ಅದರ ಫಲ ಚಿಕ್ಕೋಡಿಗೆ ಸಿಕ್ಕಿತು.

ಸರಿಸಮ ಅಲ್ಲದ್ದು ಕರೆಂಟು ಮಾತ್ರ. ವ್ಯಾರಕ್‌ನ ಉತ್ತರಕ್ಕೆ ವೈಲ್ಡರ್‌ನೆಸ್ ಎಂಬ ಬಯಲು; ಅಲ್ಲಿ ಆಟಗಾರರು ಒಬ್ಬರನ್ನೊಬ್ಬರು ಕೊಲ್ಲಬಹುದು, ಸತ್ತವನ ಬಳಿ ಸಾಮಾನ್ಯವಾಗಿ ಬೆಲೆಬಾಳುವ ಮೂರು ವಸ್ತು ಉಳಿದು ಮಿಕ್ಕದ್ದೆಲ್ಲ ನೆಲಕ್ಕೆ ಬೀಳುತ್ತದೆ. ಹೊಡೆದಾಟದ ನಡುವೆ ಲಾಗೌಟ್ ಆಗುವಂತಿಲ್ಲ. ಸಂಪರ್ಕ ಕಡಿದರೂ ದೇಹ ಅಲ್ಲೇ ನಿಂತು ಹೊಡೆತ ತಿನ್ನುತ್ತದೆ. ಚಿಕ್ಕೋಡಿಯಲ್ಲಿ ಲೋಡ್ ಶೆಡ್ಡಿಂಗ್ ಹೊತ್ತು ಬರೆದಿಟ್ಟಷ್ಟು ನಿಖರ. ಆದರೂ ಒಮ್ಮೊಮ್ಮೆ ಹತ್ತು ನಿಮಿಷ ಮುಂಚೆ ಹೋಗಿಬಿಡುತ್ತಿತ್ತು. ಅಣ್ಣಾನ ಯುಪಿಎಸ್ ಕೂಗತೊಡಗಿದ ಕೂಡಲೇ ಮೂಲೆಯ ಇಬ್ಬರು ದಕ್ಷಿಣಕ್ಕೆ ಓಡುತ್ತಿದ್ದರು, ಉಸಿರು ಬಿಗಿಹಿಡಿದು.

ಎಲ್ಲಕ್ಕಿಂತ ಹೆಚ್ಚು ನೆನಪಿರುವುದು ಕರಾಮ್ಜಾ ದ್ವೀಪದ ಕಟ್ಟೆ. ಪೋರ್ಟ್ ಸರಿಮ್‌ನಿಂದ 30 ನಾಣ್ಯ ಕೊಟ್ಟು ಹಡಗು ಹತ್ತಬೇಕು. ಅಲ್ಲಿ ಬುಟ್ಟಿ ಇಳಿಬಿಟ್ಟು ಲಾಬ್‌ಸ್ಟರ್ ಹಿಡಿಯಬೇಕು. ಒಮ್ಮೆ ಒತ್ತಿದರೆ ಆಯಿತು, ಆಮೇಲೆ ಕಾಯುವುದೇ ಕೆಲಸ. ಚೀಲ ತುಂಬಲು ನಿಮಿಷಗಟ್ಟಲೆ ಬೇಕು. ಕೈಗೆ ಕೆಲಸವಿಲ್ಲದ ಹತ್ತಾರು ಜನ ಕಟ್ಟೆಯ ಮೇಲೆ ಸಾಲಾಗಿ ನಿಂತಾಗ ಮಾತು ಬಾರದೆ ಇರುತ್ತದೆಯೇ? ಅಲ್ಲಿ ಒಬ್ಬ ಸಿಗುತ್ತಿದ್ದ. ಫಿನ್ಲೆಂಡಿನವನು, ರಾತ್ರಿ ಪಾಳಿಯಲ್ಲಿ ಟ್ರಕ್ಕು ಓಡಿಸುವವನು ಅಂತ ಹೇಳಿಕೊಂಡಿದ್ದ. ಅವರ ಊರಿನ ಚಳಿಗಾಲದಲ್ಲಿ ಹಗಲು ಎಷ್ಟು ಹೊತ್ತು ಇರುತ್ತದೆ ಅಂತ ಅವನು ಹೇಳಿದ. ಕಬ್ಬು ಕಡಿಯುವ ಗ್ಯಾಂಗು ಹೇಗೆ ಬರುತ್ತದೆ, ಉಗಾರದ ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರಿನ ಪಾಳಿ ಎಷ್ಟು ಉದ್ದ ನಿಲ್ಲುತ್ತದೆ ಅಂತ ಇವನು ಹೇಳಿದ. ಇಂಗ್ಲಿಷ್ ಇಬ್ಬರಿಗೂ ತಾಯ್ನುಡಿಯಲ್ಲ, ಇಬ್ಬರದೂ ತಪ್ಪುತ್ತಿತ್ತು. ಕಾಲೇಜಿನಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಉತ್ತರ ಹೇಳಲು ನಾಲಿಗೆ ಏಳದವನು ಆ ಕಟ್ಟೆಯ ಮೇಲೆ ವಾಕ್ಯದ ಮೇಲೆ ವಾಕ್ಯ ಟೈಪ್ ಮಾಡಿದ. ಮುಂದೆ ಪುಣೆಯಲ್ಲಿ ನೌಕರಿಯ ಸಂದರ್ಶನಕ್ಕೆ ಕೂತಾಗ ನೆರವಾದ ಇಂಗ್ಲಿಷ್ ಬಹುಪಾಲು ಅಲ್ಲಿನದ್ದೇ.

ನಿಪ್ಪಾಣಿಯ ರಜೆಗಳಲ್ಲಿ ಇದಕ್ಕೆ ಇನ್ನೊಂದು ಬಣ್ಣ. ಅಲ್ಲಿ ಅವನ ಮೌಶಿಯ ಮನೆ. ಓಣಿಗೆ ಓಣಿಯೇ ತಂಬಾಕಿನ ಘಾಟು. ಮೌಶಿ ಬೆಳಿಗ್ಗೆ ನೀರಿನಲ್ಲಿ ನೆನೆಸಿದ ಎಲೆಗಳನ್ನು ತಗಡಿನ ಅಳತೆಗೆ ಕತ್ತರಿಸಿ, ಮಡಿಲ ಮೊರದಲ್ಲಿ ತಂಬಾಕು ಇಟ್ಟುಕೊಂಡು ಸಂಜೆಯವರೆಗೆ ಬೀಡಿ ಕಟ್ಟುತ್ತಿದ್ದಳು. ಲೆಕ್ಕ ಸಾವಿರದ್ದು. ಕಾರ್ಖಾನೆಯ ಚೆಕ್ಕರ್ ಕಟ್ಟು ಬಿಚ್ಚಿ ನೋಡಿ, ಸರಿಯಿಲ್ಲ ಅನ್ನಿಸಿದ್ದನ್ನು ಪಕ್ಕಕ್ಕೆ ಹಾಕಿದರೆ ಅದಕ್ಕೆ ಕೂಲಿ ಇಲ್ಲ. ಸಾವಿರ ಬೀಡಿಯ ಕೂಲಿಯಲ್ಲಿ ಎರಡು-ಮೂರು ತಾಸಿನ ನೆಟ್ ಬರುತ್ತಿತ್ತು, ಅಷ್ಟೇ. ಅವನು ದಿನವಿಡೀ ಸಾವಿರ ಲಾಬ್‌ಸ್ಟರ್‌ನ ಗುರಿ ಇಟ್ಟುಕೊಂಡು ಕೂರುತ್ತಿದ್ದ, ಅದೂ ಸಾವಿರದ ಲೆಕ್ಕವೇ. ಆ ಆಟದಲ್ಲಿ ಒಂದು ಕಸುಬನ್ನು ತುದಿಗೆ, ಅಂದರೆ 99ನೇ ಲೆವೆಲ್‌ಗೆ, ಮುಟ್ಟಿಸಲು 1,30,34,431 ಅಂಕ ಬೇಕು. 92ಕ್ಕೆ ಬಂದಾಗ ಅರ್ಧ ದಾರಿ ಮಾತ್ರ ಆಗಿರುತ್ತದೆ. ಒಂದೇ ಕೆಲಸವನ್ನು ಸಾವಿರಾರು ಸಲ ಮಾಡಿಸಿ ಅದಕ್ಕೊಂದು ಸಂಖ್ಯೆ ತೋರಿಸಿ ಕೂರಿಸಿಕೊಳ್ಳುವ ಉಪಾಯ ಈ ಹಳೆಯ ಆಟದಲ್ಲೇ ಇತ್ತು, ಇಂದಿನ ಮೊಬೈಲ್ ಆಟಗಳು ಅದನ್ನು ಇನ್ನಷ್ಟು ಹರಿತ ಮಾಡಿಕೊಂಡಿವೆ. ಹಳೆಯದೆಂಬ ಕಾರಣಕ್ಕೆ ರೂನ್‌ಸ್ಕೇಪ್‌ಗೆ ಈ ವಿಷಯದಲ್ಲಿ ಮಾಫಿ ಕೊಡಲು ಬರುವುದಿಲ್ಲ.

ಹೊಗಳುವವರು ಮರೆಯುವ ಇನ್ನೊಂದು ಸಂಗತಿಯೂ ಇದೆ. ಆ ಕೆಫೆಯ ಮೂಲೆಯಲ್ಲಿ ಹುಡುಗಿಯರು ಕೂತದ್ದನ್ನು ಅವನು ಕಾಣಲಿಲ್ಲ. ಅರ್ಜಿ ತುಂಬಲು ಬಂದವರು ಅಣ್ಣನನ್ನೋ ತಂದೆಯನ್ನೋ ಜೊತೆಗೆ ಕರೆದುಕೊಂಡು ಬರುತ್ತಿದ್ದರು, ಕೆಲಸ ಮುಗಿದ ಕೂಡಲೇ ಮೆಟ್ಟಿಲು ಇಳಿಯುತ್ತಿದ್ದರು. ಈ ರಾಯಬಾಗದ ಅಕ್ಕ ಲೆಕ್ಕದಲ್ಲಿ ತಮ್ಮನಿಗಿಂತ ಜಾಣೆ. ವಹಿಯ ಮೊದಲ ದರಪಟ್ಟಿಗೆ ಗೆರೆ ಹೊಡೆದು ಕಾಲಂ ಮಾಡಿಕೊಟ್ಟವಳೂ ಅವಳೇ. ಲಂಬ್ರಿಜ್ ಹೇಗಿರುತ್ತದೆ ಅಂತ ಅವಳು ನೋಡಿದ್ದು ಹದಿನೇಳು-ಹದಿನೆಂಟು ವರ್ಷಗಳ ಮೇಲೆ, ಮಗನ ಫೋನಿನಲ್ಲಿ.

ಕರ್ನಾಟಕ-ಮಹಾರಾಷ್ಟ್ರ ಗಡಿ ವಿವಾದದ ಮಾತೂ ಇಲ್ಲಿ ಹೇಳಬೇಕು. ಅವೇ ವರ್ಷಗಳಲ್ಲಿ ಬೆಳಗಾವಿ, ನಿಪ್ಪಾಣಿಗಳಲ್ಲಿ ಬೋರ್ಡಿಗೆ ಮಸಿ, ಬಸ್ಸಿಗೆ ಕಲ್ಲು ಬೀಳುತ್ತಿದ್ದವು. ಮಹಾರಾಷ್ಟ್ರ ಸರ್ಕಾರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಚಿಕ್ಕೋಡಿಯ ಕೆಫೆಯಲ್ಲಿ ಮನೆಯಲ್ಲಿ ಮರಾಠಿ ಆಡುವ ಹುಡುಗರು, ಕನ್ನಡ ಆಡುವವರು, ಉರ್ದು ಆಡುವವರು ಪಕ್ಕಪಕ್ಕದ ಕ್ಯಾಬಿನ್‌ಗಳಲ್ಲಿ ಕೂತು ಒಂದೇ ಸರ್ವರಿಗೆ ಹೋಗುತ್ತಿದ್ದರು. ಬಂದ್ ದಿನ ಕೆಳಗೆ ಘೋಷಣೆ ಕೇಳಿಬಂದರೆ ಅಣ್ಣಾ ಶಟರನ್ನು ಅರ್ಧ ಎಳೆದು "ಸುಮ್ ಕೂಡ್ರಿ" ಅಂತಿದ್ದರು. ವೈಲ್ಡರ್‌ನೆಸ್‌ನಲ್ಲಿ ಒಬ್ಬ ಬಿದ್ದರೆ ಅವನ ಸಾಮಾನಿನಲ್ಲಿ ಉಳಿದದ್ದನ್ನು ಜೊತೆಯವರು ಎತ್ತಿಟ್ಟು ಕೊಡುತ್ತಿದ್ದರು. ಆಮೇಲೆ ಎಲ್ಲರೂ ಕೆಳಗಿಳಿದು ಗಾಡಿಯ ಮೇಲೆ ವಡಾಪಾವ್ ತಿನ್ನುತ್ತಿದ್ದರು.

2007ರ ನವೆಂಬರ್ 26ರಂದು ಆಟದೊಳಗೆ ಗ್ರ್ಯಾಂಡ್ ಎಕ್ಸ್‌ಚೇಂಜ್ ತೆರೆಯಿತು. ಕಲ್ಲಿದ್ದಲು ತಂದು ಇಟ್ಟು ಹೋದರೆ ಆಯಿತು. ಕೊಳ್ಳುವವನ ಮುಖ ನೋಡಬೇಕಿಲ್ಲ, ದರ ಪರದೆಯ ಮೇಲಿದೆ. ಶೇಡಬಾಳದವನಿಗೆ ಆದಂಥ ಮೋಸಕ್ಕೆ ಅಲ್ಲಿಗೆ ತೆರೆಬಿತ್ತು. ಅಜ್ಜ ಕೇಳಿದ ಪ್ರಶ್ನೆಗೂ ಒಂದು ಬಗೆಯ ಉತ್ತರ ಸಿಕ್ಕಿತು. ನ್ಯಾಯದ ಮಾತಾಡುವುದಾದರೆ ಹೊಸ ವ್ಯವಸ್ಥೆಯೇ ಮೇಲು. ಆದರೆ ವ್ಯಾರಕ್ ಬ್ಯಾಂಕಿನ ಮುಂದಿನ ಸದ್ದು ವಾರದೊಳಗೆ ಅಡಗಿತು. ಡಿಸೆಂಬರ್ 10ರಂದು ವೈಲ್ಡರ್‌ನೆಸ್‌ನ ಕಾದಾಟವನ್ನೂ ತೆಗೆದರು, ಜನವರಿಯಲ್ಲಿ ಒಬ್ಬರಿಗೊಬ್ಬರು ಬಿಟ್ಟಿಯಾಗಿ ವಸ್ತು ಕೊಡುವುದಕ್ಕೂ ಮಿತಿ ಹಾಕಿದರು. ಕದ್ದ ಕ್ರೆಡಿಟ್ ಕಾರ್ಡುಗಳಿಂದ ಖಾತೆ ತೆರೆದು, ಆಟದ ಚಿನ್ನವನ್ನು ನಿಜವಾದ ಡಾಲರಿಗೆ ಮಾರುವ ದಂಧೆ ಅಷ್ಟು ಬೆಳೆದಿತ್ತು. ಆಟ ನಡೆಸುವ ಕಂಪನಿಗೆ ಬೇರೆ ದಾರಿ ಕಾಣಲಿಲ್ಲ. ಆ ಬೇಸಿಗೆಗೆ ಸೆಕೆಂಡ್ ಪಿಯುಸಿ ಪರೀಕ್ಷೆ ಬಂತು, ಮೂವರೂ ಮೂರು ಊರಿಗೆ ಹೋದರು.

ಆ ದಂಧೆಯ ಇನ್ನೊಂದು ಮುಖ ಹತ್ತು ವರ್ಷದ ಮೇಲೆ ಕಂಡಿತು. ವೆನೆಜುವೆಲಾದ ಹಣ ಬೆಲೆ ಕಳೆದುಕೊಂಡಾಗ ಅಲ್ಲಿನ ಎಷ್ಟೋ ಯುವಕರು ಇದೇ ಲೋಕದಲ್ಲಿ ಹಗಲಿಡೀ ಹಸಿರು ಡ್ರ್ಯಾಗನ್ ಕೊಂದು, ಅದರ ಚರ್ಮ ಮತ್ತು ಎಲುಬು ಮಾರಿ ಬಂದ ಚಿನ್ನದಲ್ಲಿ ಮನೆಗೆ ದಿನಸಿ ತಂದರು. 2019ರ ಮಾರ್ಚ್‌ನಲ್ಲಿ ಆ ದೇಶದ ಕರೆಂಟು ದಿನಗಟ್ಟಲೆ ಹೋದಾಗ ಆಟದೊಳಗಿನ ಪೇಟೆಗೇ ಅದರ ಬಿಸಿ ತಟ್ಟಿತು. ಮೌಶಿಯ ಮೊರವನ್ನು ಕಂಡವನಿಗೆ ಆ ಸುದ್ದಿ ಓದಿ ಬಿಡಲಾಗಲಿಲ್ಲ. ಅವರಿಗೆ ಅದು ಆಟವಾಗಿ ಉಳಿದಿರಲಿಲ್ಲ, ಸಾವಿರದ ಲೆಕ್ಕದ ಕೂಲಿಯಾಗಿತ್ತು.

2012ರ ನವೆಂಬರ್‌ನಲ್ಲಿ ಕಂಪನಿ ಕಾದಾಟದ ರೀತಿಯನ್ನೇ ಬದಲಿಸಿತು. ಹಳಬರು ಗುಂಪುಗುಂಪಾಗಿ ಬಿಟ್ಟು ಹೋದರು. ಆಗ 2007ರ ಆಗಸ್ಟ್‌ನ ಒಂದು ಪೂರ್ತಿ ಪ್ರತಿ ಕಂಪನಿಯಲ್ಲಿ ಉಳಿದಿರುವುದು ಗೊತ್ತಾಗಿ, ಅದನ್ನೇ ಮತ್ತೆ ತೆರೆಯಬೇಕೇ ಎಂದು ಆಟಗಾರರ ಮತ ಕೇಳಿದರು. ನಾಲ್ಕೂವರೆ ಲಕ್ಷದ ಹತ್ತಿರ ಮತ ಬಿದ್ದವು. 2013ರ ಫೆಬ್ರುವರಿ 22ರಂದು 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್' ಶುರುವಾಯಿತು. ಎಲ್ಲರೂ ಸೊನ್ನೆಯಿಂದ, ಎಲ್ಲರೂ ಮತ್ತೆ ಅಡಿಗೆಯವನಿಗೆ ತತ್ತಿ ಹುಡುಕುತ್ತ. ಅಲ್ಲಿಂದೀಚೆಗೆ ಅದಕ್ಕೆ ಹೊಸ ಊರು, ಹೊಸ ಕಸುಬು ಸೇರಿಸುವ ಮೊದಲು ಆಟಗಾರರಿಂದ ಮತ ಹಾಕಿಸುತ್ತಾರೆ. ಮೊದಲು ನೂರಕ್ಕೆ 75 ಮಂದಿಯ ಒಪ್ಪಿಗೆ ಬೇಕಿತ್ತು, ಈಗ 70. ಕೇಳುವ ಪದ್ಧತಿ ಇದ್ದದ್ದಕ್ಕೇ ಅದು ಉಳಿಯಿತು ಎನ್ನಬೇಕು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಂಥ ದೈತ್ಯವೂ 2019ರಲ್ಲಿ ತನ್ನ ಹಳೆಯ ರೂಪವನ್ನು ಮತ್ತೆ ತೆರೆಯಿತು.

2018ರ ಅಕ್ಟೋಬರ್‌ನಲ್ಲಿ ಓಲ್ಡ್ ಸ್ಕೂಲ್ ಮೊಬೈಲಿಗೂ ಬಂತು. ಅಳಿಯ ತನ್ನ ಫೋನಿನಲ್ಲಿ ಆಡಿ ನೋಡಿದ. ಅವನು ಬಿಜಿಎಂಐ ಆಡುವವನು, ಅರ್ಧ ತಾಸಿನೊಳಗೆ ನೂರು ಜನರಲ್ಲಿ ಕೊನೆಗೆ ಒಬ್ಬನೋ ಒಂದು ಗುಂಪೋ ಉಳಿಯುವ ಆಟ. ಲಂಬ್ರಿಜ್‌ನಿಂದ ವ್ಯಾರಕ್‌ಗೆ ನಡೆಯುವಾಗ "ಇಷ್ಟ ಸಾವಕಾಶ ಯಾಕ ಹೊಂಟೈತಿ ಮಾಮಾ?" ಅಂದ. ಮೂರನೇ ದಿನಕ್ಕೆ ಬಿಟ್ಟ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಅವನ ಗೆಳೆಯರು ಆ ಕಟ್ಟೆಯ ಮೇಲಿಲ್ಲ, ಬೇರೆ ಆಟದಲ್ಲಿದ್ದಾರೆ. ಹುಡುಗರು ಗೆಳೆಯರಿದ್ದಲ್ಲಿಗೆ ಹೋಗುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಅವರು ಮಾತಾಡುವುದೂ ಕನ್ನಡ ಮರಾಠಿ ಬೆರೆಸಿಯೇ. ಅವರಿಗಿಲ್ಲದ್ದು ಒಂದೇ: ಕೈಗೆ ಕೆಲಸವಿಲ್ಲದೆ, ಗುರುತಿಲ್ಲದವರ ಪಕ್ಕ ನಿಂತು ಕಾಯುವ ಹೊತ್ತು. ಹಳೆಯ ಆಟದ ಚಿತ್ರ ಒರಟು, ಬಣ್ಣ ಮಂಕು, ಕಾಲು ನಿಧಾನ. ಅದನ್ನು ಬೇರೆಯಾಗಿಸಿದ್ದು ಆ ಕಾಯುವ ಹೊತ್ತೇ. ಮಾಮನ ತೀರ್ಮಾನ ಇದು, ಅಳಿಯ ಒಪ್ಪಿಲ್ಲ.

ಚಿಕ್ಕೋಡಿಯ ಆ ಮಾಳಿಗೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿಯಿದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಇದ್ದಬದ್ದ ಕೆಫೆಗಳು ಝೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿಗಳಾದವು. ಹೆಸರು, ಊರು, ಕೂತ ಹೊತ್ತು ಬರೆದ ರಿಜಿಸ್ಟರುಗಳನ್ನು ಅಣ್ಣಾ ರದ್ದಿಗೆ ಹಾಕಿದರಂತೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕುಡಚಿ, ಶೇಡಬಾಳ, ಯಾವ ಊರಿನವರೇ ಇರಲಿ, ಅಂಥ ಕ್ಯಾಬಿನ್‌ಗಳಲ್ಲಿ ಕೂತವರಿಗೆ ಈಗ ಮೂವತ್ತು ದಾಟಿದೆ. ತಾಸಿಗೆ ಎಷ್ಟು ಕೊಡುತ್ತಿದ್ದಿರಿ, ಯಾವ ಆಟ ಆಡುತ್ತಿದ್ದಿರಿ, ಪಕ್ಕದ ಕ್ಯಾಬಿನ್‌ನಲ್ಲಿ ಯಾರಿರುತ್ತಿದ್ದರು, ಯಾರು ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ ಎಂಬುದನ್ನು ನೆನಪು ಹಸಿಯಿರುವಾಗಲೇ ಕನ್ನಡದಲ್ಲಿ ಬರೆದಿಡಿ.